ತಿಕೋಟಾದ ಇಳಿಜಾರಿನಲ್ಲಿ ಕೇಳಿದ ಕೂಗು

ಬಬಲೇಶ್ವರದಲ್ಲಿ ತಂಗಿಗೆ ಜ್ವರ. ತಿಕೋಟಾದ ವೈದ್ಯರನ್ನು ಹತ್ತಿಸಿಕೊಂಡು ಅಲ್ಲಿಗೆ ಹೋಗಬೇಕು. ಯುದ್ಧಕಾಲ, ಪೆಟ್ರೋಲ್ ಕೂಪನ್ನಿಗಷ್ಟೇ ಸಿಗುತ್ತದೆ. ಇಳಿಜಾರಿನಲ್ಲೆಲ್ಲ ಇಂಜಿನ್ ಬಂದ್ ಮಾಡು ಎಂದು ಡ್ರೈವರ್ ಮಲ್ಲಪ್ಪನಿಗೆ ವಿಜಾಪುರದಲ್ಲೇ ಹೇಳಿದ್ದೆ.

ತಿಕೋಟಾ ಹತ್ತಿರ ಕಾರು ಸದ್ದಿಲ್ಲದೆ ಉರುಳುತ್ತಿತ್ತು. ಕುರಿ ಕಾಯುತ್ತಿದ್ದ ಮುದುಕಿಯೊಬ್ಬಳು ಕೈ ಬೀಸಿ ಕೂಗುತ್ತ ಹಿಂದೆ ಓಡಿಬಂದಳು.

"ನಿಲ್ಲಸ್ಲೇನ್ರಿ?" ಎಂದ ಮಲ್ಲಪ್ಪ.

"ಬ್ಯಾಡ. ಗಾಡಿ ಹತ್ತಾಕ ಕರಿಯಾಕತ್ತಾಳ. ನಿಂತು ಹೊಂಟ್ರ ಪೆಟ್ರೋಲ್ ಭಾಳ ಸುಡತೈತಿ."

ತಿಕೋಟಾದಲ್ಲಿ ವೈದ್ಯರು ಬಂದು ಹತ್ತುವಾಗ ನೋಡಿದರೆ, ಕಾರಿನ ಹಿಂದೆ ಕಟ್ಟಿದ್ದ ಪೆಟ್ರೋಲ್ ಡಬ್ಬಿ ಇಲ್ಲ. ಅದಿಲ್ಲದೆ ಬಬಲೇಶ್ವರ ಮುಟ್ಟುವಂತಿರಲಿಲ್ಲ. ಮಲ್ಲಪ್ಪ ಹುಡುಕಲು ಹೊರಟಷ್ಟರಲ್ಲೇ ಆ ಮುದುಕಿ ಡಬ್ಬಿಯನ್ನು ತಲೆಯ ಮೇಲೆ ಹೊತ್ತು, ಏದುಸಿರು ಬಿಡುತ್ತ ಬಂದಳು. ಅದು ಬಿದ್ದದ್ದನ್ನು ಹೇಳಲೆಂದೇ ಆಕೆ ಆಗ ಕೂಗುತ್ತ ಓಡಿ ಬಂದಿದ್ದಳು.

"ಎಷ್ಟ್ ಕೂಗಿದ್ನೋ ಯಪ್ಪಾ. ನಿನಗ ಕೇಳಸಲಿಲ್ಲ ಕಾಣತೈತಿ."

ಇಳಿಜಾರಿನಲ್ಲಿ ಇಂಜಿನ್ ಬಂದ್ ಆಗಿತ್ತು. ಮಾತು ತಿಳಿಯದಿದ್ದರೂ ಆಕೆಯ ಒಂದೊಂದು ಕೂಗೂ ನನಗೆ ಕೇಳಿಸಿತ್ತು.

"ಇಲ್ಲವ್ವಾ, ಕೇಳಸಲಿಲ್ಲ," ಎಂದೆ.

ಮಲ್ಲಪ್ಪ ಡಬ್ಬಿ ಇಳಿಸಿಕೊಂಡು, ನನ್ನ ಮುಖ ನೋಡದೆ, ಅದನ್ನು ಕಟ್ಟಲು ಹೋದ.