ಬಿಳಿ ಕುದುರೆಯ ಕುರಿಗಾರನ ಬಗ್ಗೆ ಬರೆದದ್ದು, ಅಳಿಸಿದ್ದು

ಬೀರಪ್ಪನವರ ಕುರಿಮಂದೆ ನಿನ್ನೆಯಿಂದ ಅಂಜನಾಪುರದ ಒಂದು ಹೊಲದಲ್ಲಿ ತಂಗಿದೆ. ಈ ಬೇಸಿಗೆಯಲ್ಲಿ ಆ ಊರಿನವರು ಅವರನ್ನು ಕರೆದದ್ದು ಇದೇ ಮೊದಲು.

ಸುದ್ದಿ ತಿಳಿಸಿದವರು ಅವರ ಹೆಂಡತಿ ಮಾಳವ್ವ, ಫೋನಿನಲ್ಲಿ. ಪ್ರತಿ ವರ್ಷ ಕರೆಯುವ ಉಳಿದ ಮೂರು ಹೊಲದವರು ಇನ್ನೂ ಏನೂ ಹೇಳಿಲ್ಲವಂತೆ.

ಇಷ್ಟು ದಿನ ಯಾರೂ ಕರೆಯದಿರಲು ಕಾರಣ ನನ್ನ ಬ್ಲಾಗ್.

ನನ್ನದು ಸೊರಬದಲ್ಲಿ ಜೆರಾಕ್ಸ್ ಅಂಗಡಿ. ಬಿಡುವಿದ್ದಾಗ ನಮ್ಮ ಕಡೆಯ ಊರು, ಬೆಳೆ, ಜನರ ಬಗ್ಗೆ ಬರೆಯುತ್ತೇನೆ. ಕಳೆದ ತಿಂಗಳು ಅಂಜನಾಪುರದಲ್ಲಿರುವ ದೊಡ್ಡಮ್ಮನ ಮಗ ಫೋನ್ ಮಾಡಿ, ಕುರಿಗಳು ರೈತರೊಬ್ಬರ ಭತ್ತದ ಸಸಿಯನ್ನೆಲ್ಲ ಮೇದವು ಎಂದ. ಅದನ್ನೇ ಬರೆದೆ.

ಹೆಸರು ಹಾಕಲಿಲ್ಲ. ‘ಬಿಳಿ ಕುದುರೆಯ ಕುರಿಗಾರ’ ಎಂದಷ್ಟೇ ಬರೆದೆ. ಹೆಸರಿಲ್ಲದ ಮೇಲೆ ಯಾರಿಗೇನು ತೊಂದರೆ ಎಂದುಕೊಂಡಿದ್ದೆ...

ಆ ಭಾಗದಲ್ಲಿ ಬಿಳಿ ಕುದುರೆ ಇಟ್ಟುಕೊಂಡ ಕುರಿಗಾರರು ಬೀರಪ್ಪನವರೊಬ್ಬರೇ.

ಕೊಯ್ಲಾದ ಹೊಲದಲ್ಲಿ ಮಂದೆ ಕೂರಿಸಿದರೆ ನೆಲಕ್ಕೆ ಗೊಬ್ಬರ, ಕುರಿಗಾರರ ಮನೆಗೆ ಅಕ್ಕಿ, ಜೋಳ. ಪ್ರತಿ ವರ್ಷ ಕರೆಯುತ್ತಿದ್ದ ನಾಲ್ವರೂ ಈ ಸಲ ಬೇಡ ಎಂದರು.

ಒಂದು ಬೆಳಿಗ್ಗೆ ಬೀರಪ್ಪನವರೇ ಬಸ್ಸು ಹಿಡಿದು, ವಿಚಾರಿಸಿಕೊಂಡು ನನ್ನ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂತು ನೀರು ಕುಡಿದರು. ಆಮೇಲೆ ತಾವು ಯಾರೆಂದು ಹೇಳಿದರು.

‘ನಾನು ಓದಿದೋನಲ್ಲ ಅಕ್ಕಾರೆ. ಮೊಮ್ಮಗಳು ಓದಿ ಹೇಳಿದ್ಲು. ನೀವು ಆ ಸಸಿ ನೋಡಿದ್ರೇನ್ರೀ?’

ನೋಡಿರಲಿಲ್ಲ.

ಪ್ರತಿ ತೆಗೆಸಲು ಬರುವ ವಕೀಲರೊಬ್ಬರನ್ನು ಅವತ್ತೇ ಕೇಳಿದೆ. ಹೆಸರಿಲ್ಲದಿದ್ದರೂ ಇಂಥವರೇ ಎಂದು ಗುರುತು ಸಿಕ್ಕರೆ ಮಾನಹಾನಿ ಆಗಬಹುದು, ಇನ್ನೊಬ್ಬರು ಹೇಳಿದ್ದನ್ನೇ ಬರೆದೆ ಎಂದರೆ ತಪ್ಪಿಸಿಕೊಳ್ಳಲಾಗದು ಎಂದರು. ಸಂಜೆಯೊಳಗೆ ಪೋಸ್ಟ್ ಅಳಿಸಿದೆ. ಅಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್ ಎಷ್ಟೋ ಗ್ರೂಪುಗಳಿಗೆ ಹೋಗಿತ್ತು.

ಭಾನುವಾರ ಅಂಜನಾಪುರಕ್ಕೆ ಹೋದೆ. ಸಸಿ ಕಳೆದುಕೊಂಡ ರೈತರೇ ಸಿಕ್ಕರು. ಮೇದದ್ದು ಊರಿನವರೊಬ್ಬರ ಎಮ್ಮೆಗಳು, ಹಗ್ಗ ಕಿತ್ತುಕೊಂಡು ಬಂದಿದ್ದವು. ಎಮ್ಮೆಯವರು ಒಪ್ಪಿಕೊಂಡು ಬೇರೆ ಸಸಿಯನ್ನೂ ಕೊಟ್ಟಾಗಿತ್ತು. ಪ್ರತಿ ವರ್ಷ ಮಂದೆ ಕರೆಯುತ್ತಿದ್ದ ನಾಲ್ವರಲ್ಲಿ ಈ ರೈತರೂ ಒಬ್ಬರು, ಊರಿನವರ ಮಾತಿಗೆ ಅಂಜಿ ಅವರೂ ಬೇಡ ಎಂದಿದ್ದರಂತೆ.

ಒಂದು ಫೋನ್ ಸಾಕಿತ್ತು ನನಗೆ. ಬರೆಯುವ ಮೊದಲು.

ಬೀರಪ್ಪನವರ ಮಂದೆ ಆಗ ಕಾಲುವೆ ಪಕ್ಕದ ಬೀಳಿನಲ್ಲಿತ್ತು. ಅಲ್ಲೇ ಕೂತು ಮೊಬೈಲಿನಲ್ಲಿ ತಿದ್ದುಪಡಿ ಬರೆದೆ. ಟೀ ಕಾಯಿಸಬೇಕಿದ್ದ ಮಾಳವ್ವ, ಹುಟ್ಟಿ ಎರಡು ದಿನವಾದ ಮರಿಯೊಂದನ್ನು ಕೇಳದೆಯೇ ನನ್ನ ತೊಡೆಯ ಮೇಲಿಟ್ಟು ಹೋದರು. ಅದು ನನ್ನ ಸೆರಗು ಜಗಿಯುತ್ತಿದೆ, ನಾನು ಬರೆದದ್ದನ್ನು ಓದಿ ಹೇಳುತ್ತಿದ್ದೇನೆ...

ಇಲ್ಲೂ ಅವರ ಹೆಸರು ಹಾಕಿರಲಿಲ್ಲ. ಬೀರಪ್ಪನವರು ತಡೆದರು.

‘ಹಾಕ್ರಿ. ಬೈಯುವಾಗ ಹೆಸರಿಲ್ದೇ ಗುರ್ತು ಸಿಕ್ತು. ಈಗ ಹೆಸರಿಲ್ದಿದ್ರೆ ಯಾರೂ ಗುರ್ತು ಹಿಡಿಯಲ್ಲ.’

ಎಮ್ಮೆ ಯಾರದೆಂದು ಬರೆದಿದ್ದೆ. ಅದನ್ನು ತೆಗೆಸಿದರು. ಎಮ್ಮೆಯವರು ಅದೇ ಊರಲ್ಲಿ ಇರಬೇಕಾದವರು, ತಾವಾದರೆ ನಾಳೆ ಮುಂದಿನ ಊರಿಗೆ ಹೋಗುತ್ತೇವೆ ಎಂದರು.

ಕೊನೆಯ ಸಾಲು ನನ್ನ ಪಶ್ಚಾತ್ತಾಪದ್ದು. ಬೀರಪ್ಪನವರ ಕುರಿಗಳು ಇದುವರೆಗೆ ಯಾರ ಬೆಳೆಗೂ ಬಾಯಿ ಹಾಕಿಲ್ಲ ಎಂದು ಬರೆದಿದ್ದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ನಕ್ಕರು.

‘ಅದನ್ನೂ ತಗೀರಿ ಅಕ್ಕಾರೆ. ಹೋದ ವರ್ಷ ತೊಗರ್ಸಿ ಕಡೆ ಒಬ್ರ ಅವರೆ ಬೆಳೆ ಮೇದಿದ್ವು, ನಾನು ಕೈ ಮುಗ್ದು ಬಂದೀನಿ. ಈ ಸಸಿ ನಮ್ ಕುರಿ ತಿಂದಿಲ್ಲ. ಅಷ್ಟೇ ಬರೀರಿ.’

ಅಷ್ಟೇ ಬರೆದೆ. ಸಸಿ ಕಳೆದುಕೊಂಡ ರೈತರಿಗೂ ಓದಿ ಹೇಳಿ, ಅವರು ಹೂಂ ಎಂದ ಮೇಲೆ ಪ್ರಕಟಿಸಿದೆ. ನಿನ್ನೆ ಮಂದೆ ಕರೆದವರು ಅವರೇ.

ಉಳಿದ ಮೂವರು ಬ್ಲಾಗ್ ಓದುವವರಲ್ಲ. ಅವರಿಗೆ ನನ್ನ ತಪ್ಪು ತಲುಪಿದ್ದು ಊರಿನ ಹೋಟೆಲಿನ ಬೆಂಚಿನಲ್ಲಿ, ಇನ್ಯಾರದೋ ಬಾಯಿಂದ. ಹೋಟೆಲಿನವರನ್ನು ಕೇಳಿದ್ದೇನೆ, ಒಪ್ಪಿದ್ದಾರೆ.

ಬರುವ ಭಾನುವಾರ ಬೆಳಿಗ್ಗೆ ಏಳೂವರೆಗೆ ಅಲ್ಲಿ ಆ ತಿದ್ದುಪಡಿಯನ್ನು ನಾನೇ ಓದಿ ಹೇಳುತ್ತೇನೆ.