ಗಾಜಿನ ನಾಡಿ ಹಿಡಿಯುವ ವೀರಭದ್ರಪ್ಪ

ಬೆಳಗಿನ ಐದೂವರೆ. ನಾಚಾರಂನ ಮುಚ್ಚಿದ ಪಂಪ್ ಕಾರ್ಖಾನೆಯ ಶೆಡ್ಡಿಗೆ ವೀರಭದ್ರಪ್ಪ ಚಪ್ಪಲಿ ಹೊರಗೆ ಬಿಟ್ಟೇ ಬರುತ್ತಾರೆ. ಒಳಗೆ ಎಂಟಡಿ ಅಗಲ, ಆರಡಿ ಎತ್ತರದ ಗಾಜು ಮರದ ಚೌಕಟ್ಟಿನಲ್ಲಿ ಮುಂದಕ್ಕೆ ಬಾಗಿ ನಿಂತಿದೆ. ಅದರ ಅಂಚಿನಗುಂಟ ಬೆರಳ ಗೆಣ್ಣಿನಿಂದ ತಟ್ಟುತ್ತ, ಪುರಾಣಕ್ಕೆ ಕೂತವರಂತೆ ಕಿವಿಗೊಡುತ್ತಾರೆ. ಟಣ್. ಟಣ್. ದಿನಕ್ಕೆ ನಲವತ್ತು ಕಡೆ ಹೀಗೆ ತಟ್ಟಬೇಕು. ಎಡಗಡೆಯ ಕೆಳಮೂಲೆಯಲ್ಲಿ ದನಿ ಬದಲಾಗುತ್ತದೆ. ಟಪ್. ಕೈ ಅಲ್ಲೇ ನಿಲ್ಲುತ್ತದೆ.

ಇಲ್ಲಿ ತಯಾರಾಗುತ್ತಿರುವುದು ಕಡಿಮೆ ಖರ್ಚಿನ ಸಿನಿಮಾ. ನಮ್ಮ ಲೋಕದ ಪಕ್ಕದಲ್ಲೇ ಇನ್ನೊಂದು ಲೋಕವಿದೆ, ಇಲ್ಲಿ ತೀರಿಹೋದ ತಂಗಿ ಅಲ್ಲಿ ಬದುಕಿದ್ದಾಳೆ ಎಂಬ ಕಥೆ. ಕಂಪ್ಯೂಟರಿನಲ್ಲಿ ಲೋಕ ಕಟ್ಟುವ ಶಕ್ತಿಯಿಲ್ಲದ ನಿರ್ದೇಶಕ ಮಿಲಿಂದ, ಹಳೆಯ ರಂಗಭೂಮಿಯ ಉಪಾಯವೊಂದನ್ನು ಹಿಡಿದಿದ್ದಾರೆ. ಬಾಗಿದ ಗಾಜಿನ ಕೆಳಗೆ ಕಪ್ಪು ಬಳಿದ ಗುಂಡಿ. ಅದರಲ್ಲಿ ತಂಗಿಯ ಪಾತ್ರದ ದೀಪ್ತಿ ಮಲಗುತ್ತಾಳೆ. ಅವಳ ಮೇಲೆ ಬೆಳಕು ಬಿಟ್ಟರೆ ಬಿಂಬ ಗಾಜಿನಲ್ಲಿ ಮೂಡಿ, ಹಿಂದಿನ ಕೋಣೆಯಲ್ಲಿ ತೇಲಿ ನಿಂತಂತೆ ಕ್ಯಾಮೆರಾಕ್ಕೆ ಕಾಣುತ್ತದೆ. ಅವಳ ಎದೆಯ ಮೇಲೆ ತೊಂಬತ್ತು ಕೆ.ಜಿ. ಗಾಜು ಬಾಗಿರುವುದು ಮಾತ್ರ ಯಾರಿಗೂ ಕಾಣುವುದಿಲ್ಲ.

ಲಿಂಗಸುಗೂರು ಕಡೆಯ ವೀರಭದ್ರಪ್ಪನವರಿಗೆ ಈಗ ಐವತ್ತೆಂಟು. ಪಟಾನ್‌ಚೆರುವಿನ ಕಾರ್ಖಾನೆಗಳಿಗೆ ಕಿಟಕಿ ಗಾಜು ಕೂರಿಸುತ್ತಿದ್ದವರು ಸಿನಿಮಾ ಸೆಟ್ಟಿಗೆ ಬಂದರು. ಹದಿನೇಳು ವರ್ಷದ ಹಿಂದೆ ಒಂದು ಸೆಟ್ಟಿನಲ್ಲಿ ಇಂಥದೇ ಟಪ್ ಕೇಳಿಸಿತ್ತು. ಬೈಸಿಕೊಳ್ಳುವುದು ಬೇಡವೆಂದು ಸುಮ್ಮನಿದ್ದರು. ಮಧ್ಯಾಹ್ನ ಗಾಜು ಬಿತ್ತು. ಜೊತೆಗಾರ ಸಂಗಣ್ಣನ ಬಲಗೈಯ ನರ ಕತ್ತರಿಸಿಹೋಯಿತು. ಸಂಗಣ್ಣ ಈಗ ಎಡಗೈಯಲ್ಲಿ ವಿಭೂತಿ ಹಚ್ಚಿಕೊಳ್ಳುತ್ತಾನೆ.

"ಅವತ್ತು ಹಿಡಿದ ಅಂಜಿಕಿ ಇನ್ನೂ ಬಿಟ್ಟಿಲ್ರಿ," ಎನ್ನುತ್ತಾರೆ. "ಉಣ್ಣಾಗ ತಾಟು ಸಪ್ಪಳಾದ್ರೂ ತುತ್ತು ಕೈಯಾಗ ನಿಲ್ತೈತಿ. ಮನ್ಯಾಗ ಹೆಂಡ್ತಿ ಶರಣಬಸಮ್ಮ ನನಗೊಬ್ಬಗ ತಾಟಿನ ಬದಲಿ ಎಲಿ ಹಾಕ್ತಾಳ."

ಇವತ್ತಿನ ಅಂಜಿಕೆ ಇನ್ನೂ ಕೆಟ್ಟದ್ದು. ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ, ಉಳಿದ ಒಂದು ದೃಶ್ಯ ಸುಸೂತ್ರ ಆಗಲೆಂದು ಅವರೇ ಗಾಜಿಗೆ ಕರ್ಪೂರದಾರತಿ ಬೆಳಗಿದ್ದರು. ತೋಳು ಸೋತಿತೆಂದು ಉರಿಯುವ ತಟ್ಟೆಯನ್ನು ಚೌಕಟ್ಟಿನ ಎಡಮೂಲೆಗೆ ಇಟ್ಟರು. ಆಮೇಲೆ ಕಾದ ಗಾಜಿನ ಮೇಲೆಯೇ ತಣ್ಣನೆಯ ತೀರ್ಥ ಚಿಮುಕಿಸಿದರು.

"ಲೈಟಿನವರಿಗೆ ಗಾಜಿನ ಹಂತ್ಯಾಕ ಬಿಸಿ ತರಬ್ಯಾಡ್ರಿ ಅಂತ ದಿನಾ ಹೇಳಾವ ನಾನು. ದೇವರ ಬೆಂಕಿ ಸುಡಂಗಿಲ್ಲ ಅಂತ ತಿಳಕೊಂಡ್ನೇನೋ."

ಏಳಕ್ಕೆ ತಂಡ ಬರುತ್ತದೆ. ಸಂಜೆಯೊಳಗೆ ಶೆಡ್ಡು ಬಿಟ್ಟುಕೊಡಬೇಕು. ಬೇರೆ ಗಾಜಿಲ್ಲ. ಹೇಳಿದರೆ ಸಿನಿಮಾ ನಿಲ್ಲುತ್ತದೆ, ಅದೂ ತನ್ನದೇ ತಪ್ಪಿನಿಂದ.

"ಏನ್ ಕಾಕಾ, ನಾಡಿ ನೋಡಿದ್ದಾತೋ?" ಮ್ಯಾನೇಜರ್ ಯಶವಂತ ಛೇಡಿಸುತ್ತಾನೆ. "ಜ್ವರ ಇದ್ರ ಗುಳಿಗಿ ಬರಕೊಡ್ರಿ."

ದೀಪ್ತಿ ಆಗಲೇ ಗುಂಡಿಗಿಳಿದಿದ್ದಾಳೆ.

"ಮ್ಯಾಲೆ ಬಾರವಾ."

"ನಾ ಸತ್ತಾಕಿ ಪಾರ್ಟ್ ಮಾಡಾಕಿ ಕಾಕಾ. ನನಗೇನ ಅಂಜಿಕಿ?"

"ನನಗೈತಿ. ಬಾ."

ಅವರು ಮೂಲೆಗೆ ನೀರು ಸವರಿ, ಒಣಬಟ್ಟೆಯಿಂದ ಒರೆಸಿ, ಕಿಸೆಯ ವಿಭೂತಿ ಗಟ್ಟಿಯನ್ನು ಅಲ್ಲಿ ಉಜ್ಜುತ್ತಾರೆ. ಬಿರುಕಿದ್ದರೆ ಒಳಗೆ ಉಳಿದ ನೀರು ಮೇಲೆ ಬಂದು ಬೂದಿಯನ್ನು ನೆನೆಸುತ್ತದೆ. ಬಿಳುಪಿನ ನಡುವೆ ಮೊಳದುದ್ದದ ಕಪ್ಪು ಗೆರೆ ನಿಧಾನವಾಗಿ ಮೂಡುತ್ತದೆ.

"ಇಲ್ಲಿ ಆರತಿ ತಟ್ಟಿ ಇಟ್ಟಾವ ನಾನ್ರಿ," ಎನ್ನುತ್ತ ಅವರು ಗೆರೆಯ ಬುಡಕ್ಕೆ ಬೆರಳು ತೋರಿಸುತ್ತಾರೆ.

"ಕೂದಲಷ್ಟ ಐತಿ," ಎನ್ನುತ್ತಾನೆ ಯಶವಂತ. "ಎರಡ ನಿಮಿಷದ ಕೆಲಸ. ಒಂದ ಟೇಕ್ ತಗೊಂಡ್ಬಿಡೋಣ."

ಮಿಲಿಂದ ಗೆರೆಯನ್ನು ನೋಡುತ್ತಾರೆ, ಇನ್ನೂ ಗುಂಡಿಯಲ್ಲೇ ನಿಂತಿರುವ ದೀಪ್ತಿಯನ್ನು ನೋಡುತ್ತಾರೆ. "ಗಾಜು ಇಳಿಸ್ರಿ," ಎನ್ನುತ್ತಾರೆ.

ದೀಪ್ತಿ ಹತ್ತಿ ಬಂದ ಮೇಲೆ ಆರು ಮಂದಿ ಕೈ ಹಾಕುತ್ತಾರೆ. ಚೌಕಟ್ಟು ಅಲುಗಿದ್ದೇ ತಡ, ಗೆರೆ ಸರ್ರನೆ ಮೇಲಕ್ಕೆ ಓಡಿ, ಗಾಜಿನ ಎಡಭಾಗ ಕಳಚಿ ಗುಂಡಿಗೆ ಬೀಳುತ್ತದೆ. ಅಲ್ಲಿದ್ದ ದೀಪ್ತಿಯ ತಲೆದಿಂಬು ಎರಡಾಗಿ ಸೀಳಿಹೋಗುತ್ತದೆ.  ಆಮೇಲೆ ಯಶವಂತನೇ ಪೊರಕೆ ತರುತ್ತಾನೆ.

ಉಳಿದ ಬಲಭಾಗದಿಂದ ಮಧ್ಯಾಹ್ನದೊಳಗೆ ವೀರಭದ್ರಪ್ಪ ಕಿಟಕಿಯಷ್ಟಗಲದ ತುಂಡು ಕೊಯ್ದುಕೊಡುತ್ತಾರೆ. ಮಿಲಿಂದ ದೃಶ್ಯವನ್ನೇ ಬದಲಿಸುತ್ತಾರೆ: ಆ ಲೋಕದ ತಂಗಿ ಈಗ ಒಂದು ಕಿಟಕಿಯಲ್ಲಿ ಕಾಣುತ್ತಾಳೆ. ನಾಲ್ಕು ಗಂಟೆಗೆ ಗುಂಡಿಗಿಳಿಯುವ ಮುನ್ನ ದೀಪ್ತಿ ನಿಲ್ಲುತ್ತಾಳೆ. ಈ ಸಲ ಅವಳು ತಮಾಷೆ ಮಾಡುವುದಿಲ್ಲ.

"ಕಾಕಾ, ಇನ್ನೊಮ್ಮೆ ತಟ್ರಿ. ನಾನೂ ಕೇಳ್ತೀನಿ."

ಅವರು ತಟ್ಟುತ್ತಾರೆ, ನಾಲ್ಕೂ ಅಂಚಿಗೆ. ಇಬ್ಬರೂ ಕೇಳುತ್ತಾರೆ.

ಸಂಜೆ ಶೆಡ್ಡಿನ ಹೊರಗೆ ಅವರು ಚಹಾ ಕುಡಿಯುತ್ತ ಕೂತಿದ್ದಾರೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಲೋಟ ಕೆಳಗಿಡುತ್ತಾರೆ, ಸಪ್ಪಳವಾಗದಂತೆ.

"ಸಿನಿಮಾ ಬಂದಾಗ ಸಂಗಣ್ಣನ್ನ ಕರಕೊಂಡು ಹೋಗಬೇಕು ಅಂತೈತ್ರಿ. ಗಾಜು ಎಲ್ಲಿತ್ತು ಅಂತ ಮಂದಿಗೆ ಗೊತ್ತಾಗಬಾರದು. ಅವಗೊಬ್ಬಗ ಗೊತ್ತಾಗ್ತೈತಿ."