ಬೆಂಡೆಗಿಡ ತಿಂದ ಆಡು ಮತ್ತು ನನ್ನ ಅರ್ಜಿ

ಶರಣ್ಯಾ, ಧನುಷ್, ಕೇಳಿ. ಬೆಳ್ತಂಗಡಿಯ ಕಚೇರಿಯೊಂದರಲ್ಲಿ ನಿಮ್ಮ ಅಜ್ಜನ ಮರಣ ಪ್ರಮಾಣಪತ್ರಕ್ಕಾಗಿ ನಾಲ್ಕನೆಯ ಸಲ ನಿಂತಿದ್ದೆ. ಸೆರಗು ಹಿಡಿದುಕೊಂಡು, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ "ದಯವಿಟ್ಟು" ಎನ್ನುತ್ತಿದ್ದೆ. ಗುಮಾಸ್ತರು ತಲೆಯೆತ್ತಲಿಲ್ಲ.

ಆಗ ಪಕ್ಕದ ಮನೆಯ ಜುಲೇಖಾ ಫೋನು ಮಾಡಿದಳು. ನಮ್ಮ ಬೆಂಡೆಗಿಡಗಳಿಗೆ ಯಾರದೋ ಆಡು ನುಗ್ಗಿತ್ತು. ಕೋಲು ತೆಗೆ, ಓಡಿಸು, ಬಿಡಬೇಡ ಎಂದು ತುಳುವಿನಲ್ಲಿ ಕಿರುಚಿದೆ. ಕಚೇರಿಯಲ್ಲಿದ್ದವರೆಲ್ಲ ಎದ್ದು ನಿಂತರು.

"ಕೂತುಕೊಳ್ಳಿ ಮಾರಾಯ್ರೆ, ಈಗಲೇ ಕೊಡ್ತೇನೆ" ಎಂದ ಗುಮಾಸ್ತರು ನನ್ನ ಹಿಂದೆ ಇಣುಕಿ, "ಆಗ ಇಲ್ಲಿ ಒಬ್ಬರು ಪಾಪದ ಅಮ್ಮ ಇದ್ರಲ್ಲ, ಅವರು ಹೋದ್ರಾ?" ಎಂದು ಕೇಳಿದರು.

ಅವಳು ಹೋಗಿಲ್ಲ ಮಕ್ಕಳೇ, ಇದನ್ನು ಬರೆಯುತ್ತಿರುವವಳು ಅವಳೇ. ಕಚೇರಿಗಳಿಗೆ ಹೋಗುವಾಗ ನನ್ನೊಳಗಿನ ಆಡು ಓಡಿಸುವವಳನ್ನು ಇಷ್ಟು ವರ್ಷ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೆ. ಈ ಹಾಳೆಯನ್ನು ಜೋಪಾನವಾಗಿಡಿ. ಇದರಲ್ಲಿ ನಿಮ್ಮ ಇಬ್ಬರು ಅಜ್ಜಿಯರೂ ಇದ್ದೇವೆ.